ಓರಗಿತ್ತಿಯದಕ್ಕಿಂತ ಒಂದು ಕೈ ಮೇಲು

"ಅವ್ವಾ, ಒಂದು ವಸ್ತು ನನಗೆ ನಿಜವಾಗಿ ಬೇಕೋ ಬೇಡವೋ ಎಂದು ತಿಳಿಯುವುದು ಹೇಗೆ?" ಎಂದು ಶಿಷ್ಯೆ ಕೇಳಿದಳು.

ಅವ್ವ ಆ ಆಶ್ರಮದ ಗುರು. ವಯಸ್ಸಾದವರು. ಜಗುಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು.

"ಯಾವ ವಸ್ತು ಮಗಳೇ?"

ಅವ್ವ ಸಂಜೆ ಹೊತ್ತು ಹೇಳುವ ಮಾತುಗಳನ್ನು ಬರೆದಿಡುವುದು ಈ ಶಿಷ್ಯೆಯ ಕೆಲಸ. ಬಹಳ ವರ್ಷಗಳಿಂದ ಆಶ್ರಮದ ಹಳೆಯ ಲ್ಯಾಪ್‌ಟಾಪಿನಲ್ಲಿ ಬರೆಯುತ್ತ ಬಂದಿದ್ದಳು. ಈಚೆಗೆ ಶಾಂಭವಿ ಎಂಬ ಹೊಸ ಶಿಷ್ಯೆ ಬಂದು ಸೇರಿದ್ದಳು. ಬರುವಾಗ ತನ್ನದೇ ಒಂದು ಲ್ಯಾಪ್‌ಟಾಪು ತಂದಿದ್ದಳು. ಈಗ ಅವಳೂ ಸಂಜೆ ಒಂದು ಮೂಲೆಯಲ್ಲಿ ಕೂತು ಅವ್ವನ ಮಾತುಗಳನ್ನು ಬರೆಯುತ್ತಿದ್ದಳು.

"ನಮ್ಮ ಲ್ಯಾಪ್‌ಟಾಪಿಗೆ ವಯಸ್ಸಾಯಿತು, ಹೊಸದು ಆರಿಸು ಎಂದು ನೀವೇ ಹೇಳಿದಿರಿ ಅವ್ವಾ. ನಾನು ನೋಡಿದೆ. ಶಾಂಭವಿಯದು ಇದೆಯಲ್ಲ, ಅಂಥದ್ದು ಆಗಬೇಕು. ಸಾಧ್ಯವಾದರೆ ಅದಕ್ಕಿಂತ ಒಂದು ಕೈ ಮೇಲು. ಎಷ್ಟಾದರೂ ನಾನು ಹಿರಿಯಳು ನೋಡಿ. ಆದರೆ ಹಾಗೆ ಅನ್ನಿಸುವುದು ಕೆಲಸಕ್ಕಾಗಿಯೋ, ಬೇರೆ ಯಾವುದಕ್ಕಾಗಿಯೋ ಗೊತ್ತಾಗುತ್ತಿಲ್ಲ."

ಅವ್ವ ನಕ್ಕರು. "ಇಷ್ಟು ಕೇಳುವಷ್ಟು ಬುದ್ಧಿ ಇದೆಯಲ್ಲ, ಸಾಕು. ಕೂತುಕೋ. ನೀನೂ ಒಂದಿಷ್ಟು ಕಾಯಿ ಸುಲಿ. ಒಂದು ಕತೆ ಹೇಳುತ್ತೇನೆ."

ಶಿಷ್ಯೆ ಕೂತಳು. ಅವ್ವ ಹೇಳತೊಡಗಿದರು.

ಒಂದು ಮನೆಯಲ್ಲಿ ಇಬ್ಬರು ಸೊಸೆಯಂದಿರಿದ್ದರು. ಹಿರಿಸೊಸೆ, ಕಿರಿಸೊಸೆ. ಒಂದೇ ಒಲೆ, ಒಂದೇ ಬಚ್ಚಲು, ಒಬ್ಬಳೇ ಅತ್ತೆ.

ಹಿರಿಸೊಸೆಗೆ ಒಂದು ಕಸುಬಿತ್ತು. ಮದುವೆ ಹೆಣ್ಣುಗಳ ರವಿಕೆಗೆ ಕಸೂತಿಯ ಚಿತ್ರ ಬರೆಯುವುದು. ಈಗ ಕಸೂತಿಯನ್ನು ಕೈಯಲ್ಲಿ ಹಾಕುವವರು ಕಡಿಮೆ. ಲ್ಯಾಪ್‌ಟಾಪಿನಲ್ಲಿ ಚಿತ್ರ ಬರೆದು ಕೊಟ್ಟರೆ ಪೇಟೆಯ ಯಂತ್ರ ಅದರಂತೆ ಹೊಲಿದು ಕೊಡುತ್ತದೆ. ಆದರೆ ಯಂತ್ರಕ್ಕೆ ಹೊಲಿಯುವುದು ಮಾತ್ರ ಗೊತ್ತು. ನವಿಲು ಹೇಗೆ ನಿಲ್ಲಬೇಕು, ಬಳ್ಳಿ ಎಲ್ಲಿ ಬಾಗಬೇಕು ಎಂದು ಯಾರಾದರೂ ನೆನೆಯಬೇಕಲ್ಲ. ನೆನೆಯುವವಳು ಇವಳು. ಮದುವೆ ಗೊತ್ತಾದ ಕೂಡಲೆ ಸುತ್ತಲಿನ ಊರುಗಳ ಹೆಣ್ಣುಮಕ್ಕಳು ಇವಳ ಹೆಸರು ಹಿಡಿದು ಹುಡುಕಿಕೊಂಡು ಬರುತ್ತಿದ್ದರು.

ಅವಳ ಲ್ಯಾಪ್‌ಟಾಪು ಹಳೆಯದು. ಮುಚ್ಚಳದ ಕೀಲು ಮುರಿದಿತ್ತು. ಹಿಂದೆ ಅಕ್ಕಿ ಅಳೆಯುವ ಸೇರನ್ನು ಆನಿಸಿ ಇಟ್ಟರೆ ನೆಟ್ಟಗೆ ನಿಲ್ಲುತ್ತಿತ್ತು. ಹಾಕಿದರೆ ಮಿಕ್ಸಿಯ ಹಾಗೆ ಸದ್ದು. ಕರೆಂಟು ಹೋದರೆ ಅದೂ ಹೋಯಿತು. ಆದರೂ ಅವಳು ಇಷ್ಟು ವರ್ಷ ಬರೆದ ಚಿತ್ರಗಳೆಲ್ಲ ಅದರ ಹೊಟ್ಟೆಯಲ್ಲೇ ಇದ್ದವು. ಅದರ ಮೇಲೆ ಅವಳಿಗೆ ಒಂದು ದಿನವೂ ಬೇಸರ ಬಂದಿರಲಿಲ್ಲ. ಬೇಸರ ಬಂದದ್ದು ಗೌರಿ ಹಬ್ಬದ ದಿನ.

ಗೌರಿ ಹಬ್ಬಕ್ಕೆ ತವರಿನಿಂದ ಬಾಗಿನ ಬರುತ್ತದೆ. ನಿನಗೆ ಗೊತ್ತಿದ್ದದ್ದೇ. ಹಿರಿಸೊಸೆಗೆ ತವರಿನಲ್ಲಿ ಅಪ್ಪ ಅಮ್ಮ ಇರಲಿಲ್ಲ. ಅಣ್ಣನೊಬ್ಬನಿದ್ದ. ಪ್ರತಿ ವರ್ಷ ಹಬ್ಬದ ಬೆಳಿಗ್ಗೆ ಒಂದು ಫೋನು ಮಾಡಿ, "ಹೇಗಿದ್ದೀಯಮ್ಮಾ" ಎನ್ನುತ್ತಿದ್ದ. ಅದೇ ಅವಳ ಬಾಗಿನ. ಆ ವರ್ಷ ಅದೂ ಬರಲಿಲ್ಲ.

ಕಿರಿಸೊಸೆಯ ಅಣ್ಣ ತಾನೇ ಬಂದ. ಮೊರದಲ್ಲಿ ಅರಿಶಿನ, ಕುಂಕುಮ, ಬಳೆ, ರವಿಕೆ ಕಣ. ಎಲ್ಲದರ ಮೇಲೆ ಒಂದು ತೆಳ್ಳನೆಯ ಪೆಟ್ಟಿಗೆ. ಬಿಚ್ಚಿದರೆ ಲ್ಯಾಪ್‌ಟಾಪು. ಬೆಳ್ಳಿಯ ಬಣ್ಣದ್ದು.

ಅತ್ತೆ ಅದಕ್ಕೂ ಒಂದು ಕುಂಕುಮದ ಬೊಟ್ಟು ಇಟ್ಟು ಗೌರಿಯ ಮುಂದೆ ಇರಿಸಿದಳು. "ಅಣ್ಣ ಅಂದರೆ ಹೀಗಿರಬೇಕಮ್ಮಾ" ಎಂದಳು. ಯಾರ ಕಡೆಗೂ ನೋಡಿ ಹೇಳಲಿಲ್ಲ. ಆದರೂ ಮಾತು ಯಾರಿಗೆ ತಗುಲಬೇಕೋ ಅವರಿಗೆ ತಗುಲಿತು.

ಬೀದಿಯ ಹೆಂಗಸರು ಗೌರಿ ನೋಡಲು ಬಂದವರು ಲ್ಯಾಪ್‌ಟಾಪು ನೋಡುತ್ತ ನಿಂತರು.

"ಬೆರಳಿಟ್ಟರೆ ಸಾಕು, ತೆರೆದುಕೊಳ್ಳುತ್ತಂತೆ ಕಣೇ!"

"ಪುಣ್ಯವಂತೆ. ನಮ್ಮನೆಯವರ ಬಾಯಿ ಕೋಲು ಹಾಕಿ ಮೀಟಿದರೂ ತೆರೆಯಲ್ಲ."

ಎಲ್ಲರೂ ನಕ್ಕರು. ಒಬ್ಬಳು ಹಿರಿಸೊಸೆಯ ಕಡೆ ತಿರುಗಿದಳು. "ನಿಮ್ಮದು ಇನ್ನೂ ಆ ಸೇರಿಗೆ ಒರಗಿಕೊಂಡೇ ಇದೆಯಾ?"

ಮತ್ತೆ ಎಲ್ಲರೂ ನಕ್ಕರು. ಕಿರಿಸೊಸೆ ನಗಲಿಲ್ಲ. ಆದರೆ ಹಿರಿಸೊಸೆ ಅದನ್ನು ಗಮನಿಸಲಿಲ್ಲ. ಅವಳ ಕಣ್ಣು ಆ ಬೆಳ್ಳಿಯ ಬಣ್ಣದ ಮೇಲಿತ್ತು.

ಹೊಟ್ಟೆಕಿಚ್ಚಿಗೆ ಒಂದು ಗುಣವಿದೆ ಮಗಳೇ. ನಾನು ಹೊಟ್ಟೆಕಿಚ್ಚು, ಬಂದಿದ್ದೇನೆ ಎಂದು ಅದು ಹೇಳುವುದಿಲ್ಲ. ಇದು ನ್ಯಾಯ ಎನ್ನುತ್ತದೆ. ಇದು ಅಗತ್ಯ ಎನ್ನುತ್ತದೆ. ಕೆಲಸಕ್ಕೆ ಬೇಕಲ್ಲ ಎನ್ನುತ್ತದೆ. ಹಿರಿಸೊಸೆ ಮರುದಿನ ಗಂಡನಿಗೆ ಹೇಳಿದ್ದೂ ಅದನ್ನೇ.

"ನನ್ನದು ತುಂಬಾ ನಿಧಾನ ಆಗಿದೆ ಕಣ್ರೀ. ಕೆಲಸ ಕೆಡ್ತಿದೆ."

"ನಿನ್ನೆ ಮೊನ್ನೆ ತನಕ ಚೆನ್ನಾಗೇ ಇತ್ತಲ್ಲ?"

"ನಿಮಗೇನು ಗೊತ್ತಾಗುತ್ತೆ. ಕೂತು ಮಾಡೋಳು ನಾನು."

ಹಿಂದಿನ ದಿನದವರೆಗೆ ಕೇಳಿಸದಿದ್ದ ಸದ್ದು ಅವಳಿಗೆ ಈಗ ಕಿವಿ ಕೊರೆಯತೊಡಗಿತು. ಸೇರನ್ನು ಕಂಡರೆ ಅವಮಾನ. ಕಿರಿಸೊಸೆ ನಡುಮನೆಯಲ್ಲಿ ತನ್ನದನ್ನು ತೆರೆದು ಕೂತಳೆಂದರೆ ಇವಳಿಗೆ ಅದೇ ಜಾಗ ಗುಡಿಸುವ ನೆನಪಾಗುತ್ತಿತ್ತು. "ಸ್ವಲ್ಪ ಕಾಲೆತ್ತು" ಎನ್ನುತ್ತಿದ್ದಳು. ಗುಡಿಸಿದ ಜಾಗವನ್ನೇ ಮತ್ತೆ ಗುಡಿಸುತ್ತಿದ್ದಳು.

ಒಂದು ಮಧ್ಯಾಹ್ನ ಕಿರಿಸೊಸೆ ಮೆಲ್ಲಗೆ ಕೇಳಿದಳು. "ಅಕ್ಕಾ, ಇದರಲ್ಲಿ ಗೆರೆ ಎಳೆಯೋದು ಹೇಗೆ, ಒಂದು ಸಲ ತೋರಿಸ್ತೀರಾ?"

"ಬೆರಳಿಟ್ಟರೆ ತೆರೆಯೋ ಅಂಥದ್ದಕ್ಕೆ ಗೆರೆ ಎಳೆಯೋಕೆ ಬರಲ್ಲವಾ? ನಿಮ್ಮಣ್ಣನನ್ನೇ ಕೇಳು" ಎಂದಳು ಹಿರಿಸೊಸೆ.

ಕಿರಿಸೊಸೆ ಮತ್ತೆ ಕೇಳಲಿಲ್ಲ.

ಆ ಮನೆಯಲ್ಲಿ ಗೌರಿಯನ್ನು ಗಣಪತಿಯ ಜೊತೆ ಹಲವು ದಿನ ಇಟ್ಟುಕೊಂಡು, ಆಮೇಲೆ ಆರತಿ ಎತ್ತಿ ಕಳಿಸುವ ಪದ್ಧತಿ. ಕಳಿಸುವ ಸಂಜೆ ಬೀದಿಯ ಹೆಂಗಸರು ಮತ್ತೊಮ್ಮೆ ಅರಿಶಿನ ಕುಂಕುಮಕ್ಕೆ ಬರುತ್ತಾರೆ. ಅವರು ಬರುವ ಹೊತ್ತಿಗೆ ಗೌರಿಯ ಮುಂದೆ ತನ್ನದೂ ಒಂದು ಇರಬೇಕು ಎಂದು ಹಿರಿಸೊಸೆ ನಿಶ್ಚಯಿಸಿದಳು. ಆ ಬೆಳಿಗ್ಗೆ ಹಳೆಯ ಲ್ಯಾಪ್‌ಟಾಪನ್ನು ಸೆರಗಿನಲ್ಲಿ ಮುಚ್ಚಿಕೊಂಡು ಪೇಟೆಗೆ ಹೋದಳು.

"ಏನು ಕೆಲಸಕ್ಕಮ್ಮಾ?" ಎಂದು ಅಂಗಡಿಯವನು ಕೇಳಿದ.

"ನಮ್ಮ ಓರಗಿತ್ತಿ ಹತ್ತಿರ ಒಂದಿದೆ."

"ಇರಲಿ. ನಿಮಗೆ ಯಾವ ಕೆಲಸಕ್ಕೆ?"

"ಅವಳದು ಬೆಳ್ಳಿ ಬಣ್ಣದ್ದು."

"ಬಣ್ಣ ಕೆಲಸ ಮಾಡಲ್ಲಮ್ಮಾ."

"ಬೆರಳಿಟ್ಟರೆ ತೆರೆಯುತ್ತೆ. ಇಷ್ಟೇ ದಪ್ಪ ಇದೆ. ನನಗೆ ಅದಕ್ಕಿಂತ ಒಂದು ಕೈ ಮೇಲಾಗಿರೋದು ಬೇಕು."

ಅಂಗಡಿಯವನು ನೂರಾರು ಗಿರಾಕಿಗಳನ್ನು ಕಂಡವನು. ಬೇಸರ ಮಾಡಿಕೊಳ್ಳಲಿಲ್ಲ. ಮತ್ತೆ ಮತ್ತೆ ಕೇಳಿ, ರವಿಕೆಯ ಚಿತ್ರದ ಕೆಲಸ ಎಂಬುದನ್ನು ಅವಳ ಬಾಯಿಂದ ಹೊರಡಿಸಿದ. ಆಮೇಲೆ ಕಪ್ಪು ಬಣ್ಣದ ದಪ್ಪನೆಯದೊಂದನ್ನು ತಂದು ಮುಂದಿಟ್ಟ.

"ಇದು ತೊಗೊಳ್ಳಿ. ಪರದೆ ದೊಡ್ಡದು, ಗೆರೆ ಚೆನ್ನಾಗಿ ಕಾಣುತ್ತೆ. ಪೆನ್‌ಡ್ರೈವ್ ಹಾಕೋಕೆ ಜಾಗ ಇದೆ. ನಿಮ್ಮ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿದೆ."

"ಇದೇನ್ರೀ ಇದು, ಚಪಾತಿ ಮಣೆ! ಇದನ್ನು ಗೌರಿ ಮುಂದೆ ಇಟ್ಟರೆ ನೋಡಿದವರು ಏನಂತಾರೆ?"

"ಇದನ್ನು ಗೌರಿ ಮುಂದೆ ಯಾಕಮ್ಮಾ ಇಡ್ತೀರಿ?"

ಅವಳ ಕಣ್ಣು ಕಪಾಟಿನ ಮೇಲಿನ ಸಾಲಿಗೆ ಹೋಯಿತು. ಅಲ್ಲಿ ತೆಳ್ಳನೆಯದೊಂದು ಇತ್ತು. ಬಂಗಾರದ ಬಣ್ಣದ್ದು.

"ಅದು?"

"ಅದು ಊರೂರು ಓಡಾಡೋರಿಗೆ. ಪರದೆ ಚಿಕ್ಕದು. ಚಿತ್ರದ ಕೆಲಸಕ್ಕೆ ಕಷ್ಟ ಆಗುತ್ತೆ."

"ಬೆಳ್ಳಿದಕ್ಕಿಂತ ತೆಳ್ಳಗಿದೆ ತಾನೆ?"

"ತೆಳ್ಳಗೇನೋ ಇದೆ."

"ಹಾಗಾದರೆ ಅದೇ ಕಟ್ಟಿ."

ಅಂಗಡಿಯವನು ಅವಳ ಹಳೆಯದನ್ನು ನೋಡಿದ. "ಇದನ್ನು ಇಲ್ಲೇ ಬಿಟ್ಟು ಹೋಗ್ತೀರಾ? ಹಾಗಾದರೆ ಇದರಲ್ಲಿ ಇರೋದನ್ನೆಲ್ಲ ಹೊಸದಕ್ಕೆ ತುಂಬಿಸಿ ಕೊಡ್ತೀನಿ. ನಾಳೆ ಬಂದು ತೊಗೊಂಡು ಹೋಗಿ."

ನಾಳೆ ಎಂದರೆ ಗೌರಿ ಹೋಗಿಬಿಟ್ಟಿರುತ್ತಾಳೆ. ಮೇಲಾಗಿ ಅವಳ ಹಿಂದೆ ಇನ್ನಿಬ್ಬರು ಗಿರಾಕಿಗಳು ನಿಂತು, ಆ ಮುರಿದ ಕೀಲಿನ ಕಡೆ ನೋಡುತ್ತಿದ್ದರು. ಅವಳು ಹಳೆಯದನ್ನು ಬೇಗ ಬೇಗ ಮೇಜಿನ ಆಚೆಗೆ ತಳ್ಳಿದಳು.

"ಅದರೊಳಗೆ ಏನೂ ಇಲ್ಲ. ಇಟ್ಟುಕೊಳ್ಳಿ" ಎಂದಳು.

ಏನೂ ಇಲ್ಲ ಎಂದಳು ನೋಡು. ತನ್ನ ಬಾಯಿಂದಲೇ ಎಂದಳು.

ಆ ಸಂಜೆ ಗೌರಿಯ ಮುಂದೆ ಎರಡು ಲ್ಯಾಪ್‌ಟಾಪು. ಒಂದು ಬೆಳ್ಳಿ, ಒಂದು ಬಂಗಾರ. ಅತ್ತೆ ಎರಡಕ್ಕೂ ಬೊಟ್ಟಿಟ್ಟಳು. "ಓಹೋ, ಗೌರಮ್ಮ ಈ ಸಲ ಏನೋ ಆಫೀಸು ತೆಗೆಯೋ ಹಾಗಿದೆ!" ಎಂದು ಹೆಂಗಸರು ನಕ್ಕರು. ಸೇರಿನ ಮಾತು ಯಾರೂ ಎತ್ತಲಿಲ್ಲ. ಹಿರಿಸೊಸೆಗೆ ಬಹಳ ಸುಖವಾಯಿತು. ಆರತಿಯ ಬತ್ತಿ ಆರುವ ತನಕ ಆ ಸುಖ ಇತ್ತು.

ಹಬ್ಬದ ಬೆನ್ನಿಗೆ ಪಕ್ಷಮಾಸ ಬಂತು. ಹಿರಿಯರಿಗೆ ಎಡೆ ಇಡುವ ಕಾಲ. ಪಕ್ಷದಲ್ಲಿ ಯಾರೂ ಮದುವೆಯ ಬಟ್ಟೆಗೆ ಕೈ ಹಾಕುವುದಿಲ್ಲ. ಹೊಸ ಹೆಣ್ಣುಗಳು ಬರಲಿಲ್ಲ, ಹಳೆಯ ಕೆಲಸವನ್ನೂ ಅವಳು ಮುಟ್ಟುವಂತಿರಲಿಲ್ಲ. ಬಂಗಾರದ ಲ್ಯಾಪ್‌ಟಾಪನ್ನು ದಿನವೂ ತೆರೆಯುತ್ತಿದ್ದಳು, ಒರೆಸುತ್ತಿದ್ದಳು, ಓರಗಿತ್ತಿಗೆ ಕಾಣುವಂತೆ ಇಟ್ಟು ಮುಚ್ಚುತ್ತಿದ್ದಳು. ಕೆಲಸಕ್ಕೆ ಕೂರಲಿಲ್ಲ.

ಪಕ್ಷ ಕಳೆಯಿತು. ಒಬ್ಬ ಮದುವೆ ಹೆಣ್ಣು ಫೋನು ಮಾಡಿದಳು. ಈ ಹೆಣ್ಣು ಮಳೆಗಾಲದಲ್ಲೇ ಬಂದು, ಬೆನ್ನ ತುಂಬ ನವಿಲು ಬೇಕು ಎಂದು ಹೇಳಿ ಹೋಗಿದ್ದಳು. ಹಿರಿಸೊಸೆ ಹಬ್ಬಕ್ಕೆ ಮುಂಚೆಯೇ ಆ ನವಿಲನ್ನು ಬರೆದು ಮುಗಿಸಿದ್ದಳು.

"ಅಕ್ಕಾ, ನಾಳೆ ಅಮ್ಮನ ಜೊತೆ ಬರ್ತೀನಿ. ನಮ್ಮ ನವಿಲು ಆಗಿದೆಯಲ್ಲ? ನಾಳೆ ಕೊಟ್ಟರೆ ಮಾತ್ರ ಮುಹೂರ್ತಕ್ಕೆ ಹೊಲಿದು ಕೊಡ್ತೀನಿ ಅಂದಿದ್ದಾನೆ ಯಂತ್ರದವನು."

"ಆಗಿ ಎಷ್ಟು ದಿನ ಆಯ್ತು! ಬನ್ನಿ ಬನ್ನಿ" ಎಂದಳು ಹಿರಿಸೊಸೆ.

ಫೋನು ಇಟ್ಟು ಬಂಗಾರದ ಲ್ಯಾಪ್‌ಟಾಪು ತೆರೆದಳು. ನವಿಲಿರಲಿಲ್ಲ. ಕಮಲವಿರಲಿಲ್ಲ. ಒಂದು ಎಲೆಯೂ ಇರಲಿಲ್ಲ. ಒರೆಸಿದ ಸ್ಲೇಟಿನ ಹಾಗೆ ಖಾಲಿ.

ಅವಳು ಉಟ್ಟ ಸೀರೆಯಲ್ಲೇ ಪೇಟೆಗೆ ಓಡಿದಳು. ಅಂಗಡಿಯವನು ತಲೆ ಕೆರೆದುಕೊಂಡ. "ಏನೂ ಇಲ್ಲ ಅಂದಿರಲ್ಲಮ್ಮಾ. ಎಲ್ಲ ಅಳಿಸಿ ಅದನ್ನು ಇನ್ಯಾರಿಗೋ ಕೊಟ್ಟುಬಿಟ್ಟೆ."

ಮನೆಗೆ ಬಂದು ಹೊಸದಾಗಿ ಬರೆಯಲು ಕೂತಳು. ಚಿಕ್ಕ ಪರದೆ. ಕತ್ತು ಕಂಡರೆ ಬಾಲ ಕಾಣದು, ಬಾಲ ಕಂಡರೆ ಕತ್ತು ಕಾಣದು. ನವಿಲು ಕೋಳಿಯಾಯಿತು. ಅಳಿಸಿ ಬರೆದಳು. ಮತ್ತೆ ಕೋಳಿಯೇ ಆಯಿತು.

ನಾಳೆ ಆ ಹೆಣ್ಣು ಬರಿಗೈಯಲ್ಲಿ ಹೋದರೆ ಅವಳ ಮದುವೆಯ ರವಿಕೆ ಹೋಯಿತು. ಅವಳು ಹೋಗಿ ನಾಲ್ಕು ಜನಕ್ಕೆ ಹೇಳುತ್ತಾಳೆ, ಇವಳ ಹೆಸರೂ ಹೋಯಿತು. ಆ ಮನೆಯಲ್ಲಿ ಹಿರಿಸೊಸೆಗೆ ತನ್ನದು ಅಂತ ಇದ್ದದ್ದು ಆ ಹೆಸರೊಂದೇ. ಅವಳು ಅಡುಗೆಮನೆಯ ಮೂಲೆಯಲ್ಲಿ ಕೂತು ಮಂಡಿಗೆ ಮುಖ ಇಟ್ಟುಕೊಂಡಳು.

ಕಿರಿಸೊಸೆ ಬಂದು ಬಾಗಿಲಲ್ಲಿ ನಿಂತಳು.

"ಅಕ್ಕಾ."

"ಹೋಗು ಆಚೆ. ನೋಡಿ ನಗೋಕೆ ಬಂದೆಯಾ?"

"ಅಕ್ಕಾ, ನವಿಲು ನನ್ನ ಹತ್ತಿರ ಇದೆ."

"ಯಾವ ನವಿಲು?"

"ನಿಮ್ಮದೇ. ನವಿಲು, ಕಮಲ, ಹೂಬಳ್ಳಿ, ಎಲ್ಲ ಇದೆ. ಹಬ್ಬದಲ್ಲಿ ನೀವು ಬಟ್ಟೆ ಒಗೆಯೋಕೆ ಹೋದಾಗ ನಿಮ್ಮ ಹಳೆಯದರಿಂದ ನನ್ನದಕ್ಕೆ ಹಾಕಿಕೊಂಡೆ."

"ಕದ್ದೆ ಅನ್ನು."

"ಹೂಂ. ಕದ್ದೆ. ಕೇಳಿದ್ದಕ್ಕೆ ನೀವು ತೋರಿಸಲಿಲ್ಲವಲ್ಲ."

"ನಿನಗೇನೇ ಕಡಿಮೆಯಾಗಿತ್ತು? ಕೇಳದೆಯೇ ಕಳಿಸೋ ಅಣ್ಣ ಇದ್ದಾನೆ. ನನಗೆ ಇದ್ದದ್ದು ಇದೊಂದು. ಇದರ ಮೇಲೂ ಕಣ್ಣು ಹಾಕಿದೆಯಾ?"

"ಕೇಳದೆ ಎಲ್ಲಿ ಕಳಿಸಿದ ಅಕ್ಕಾ! ಅತ್ತೂ ಕರೆದೂ ಕೇಳಿದೆ. ತವರಿಗೆ ಹೋದಾಗ ಊಟ ಬಿಟ್ಟು ಕೇಳಿದೆ. ಈ ಮನೆಗೆ ಬರೋರೆಲ್ಲ ನಿಮ್ಮ ಹೆಸರು ಹಿಡಿದು ಬರ್ತಾರೆ. ನನ್ನನ್ನು ನೋಡಿ 'ಸ್ವಲ್ಪ ನೀರು ಕೊಡಮ್ಮ' ಅಂತಾರೆ. ನಿನ್ನ ಹೆಸರೇನು ಅಂತ ಇವತ್ತಿನ ತನಕ ಒಬ್ಬರೂ ಕೇಳಿಲ್ಲ."

ಅವಳು ಬೆಳ್ಳಿಯ ಲ್ಯಾಪ್‌ಟಾಪನ್ನು ಬೆರಳಿಟ್ಟು ತೆರೆದು ಹಿರಿಸೊಸೆಯ ಮುಂದೆ ಇಟ್ಟು ಹೋದಳು.

ಹಿರಿಸೊಸೆ ಅದನ್ನು ಮುಟ್ಟುವುದಿಲ್ಲ ಎಂದುಕೊಂಡಿದ್ದಳು. ಆದರೆ ನಾಳೆ ಹೆಣ್ಣು ಬರುತ್ತಾಳೆ. ಮುಟ್ಟಿದಳು. ಅವಳ ನವಿಲು ಇತ್ತು. ಗರಿ ಬಿಚ್ಚಿ ನೇರವಾಗಿ ನಿಂತು ಮುಂದೆ ನೋಡುತ್ತಿತ್ತು. ಒಂದು ಗೆರೆಯೂ ಕೆಟ್ಟಿರಲಿಲ್ಲ. ಅವಳಿಗೆ ಹೋದ ಉಸಿರು ಬಂದಂತಾಯಿತು.

ಅದರ ಪಕ್ಕದಲ್ಲಿ ಇನ್ನೊಂದು ನವಿಲಿತ್ತು.

ಕಿರಿಸೊಸೆ ಕದ್ದು ಸುಮ್ಮನೆ ಇಟ್ಟಿರಲಿಲ್ಲ. ಪಕ್ಷಮಾಸದ ಮಧ್ಯಾಹ್ನಗಳಲ್ಲೆಲ್ಲ ಕೂತು ತಿದ್ದಿದ್ದಳು. ಇವಳು ಬರೆದದ್ದೇ ನವಿಲು, ಇವಳು ಬರೆದವೇ ಗರಿಗಳು. ಆದರೆ ಕತ್ತನ್ನು ಹಿಂದಕ್ಕೆ ತಿರುಗಿಸಿದ್ದಳು. ನವಿಲು ಹೋಗುತ್ತ ಹೋಗುತ್ತ ತಿರುಗಿ ನೋಡುತ್ತಿತ್ತು. ಅಷ್ಟೇ ಬದಲು. ಅಷ್ಟಕ್ಕೇ ಅದಕ್ಕೆ ಜೀವ ಬಂದುಬಿಟ್ಟಿತ್ತು.

ಹಿರಿಸೊಸೆ ಕಸುಬಿನವಳು. ನೋಡಿದ ಕೂಡಲೆ ಗೊತ್ತಾಯಿತು. ಆವರೆಗೆ ಅವಳ ಹೊಟ್ಟೆಯಲ್ಲಿ ಇದ್ದದ್ದು ಹೊಗೆ ಮಾತ್ರ. ಬೆಂಕಿ ಹತ್ತಿದ್ದು ಈಗ. ಲ್ಯಾಪ್‌ಟಾಪನ್ನು ಅಂಗಡಿಯಿಂದ ತರಬಹುದು. ಈ ಕತ್ತು ಯಾವ ಅಂಗಡಿಯಲ್ಲಿದೆ?

ಅಳಿಸಲು ಒಂದು ಬೆರಳು ಸಾಕಿತ್ತು. ಬೆರಳು ಇಟ್ಟಳು. ತೆಗೆದಳು. ಒಳ್ಳೆಯತನದಿಂದ ತೆಗೆದಳು ಎಂದುಕೊಳ್ಳಬೇಡ. ನನ್ನದನ್ನೇ ತೋರಿಸಿದರಾಯಿತು, ಇವಳದನ್ನು ಯಾರು ನೋಡುತ್ತಾರೆ ಎಂದು ತೆಗೆದಳು.

ಮರುದಿನ ಬೆಳಿಗ್ಗೆ ಹೆಣ್ಣು ತಾಯಿಯ ಜೊತೆ ಬಂದಳು. ಚಾಪೆ ಹಾಕಿದ್ದಾಯಿತು. ಹಿರಿಸೊಸೆ ತನ್ನ ನವಿಲನ್ನು ತೋರಿಸಿದಳು.

"ಚೆನ್ನಾಗಿದೆ ಅಕ್ಕಾ" ಎಂದಳು ಹೆಣ್ಣು. ನೋಡಿ, ತಲೆಯಾಡಿಸಿ, ಇನ್ನೂ ಹತ್ತಿರದಿಂದ ನೋಡೋಣ ಎಂದು ತಾನೇ ಪರದೆಯ ಮೇಲೆ ಬೆರಳಾಡಿಸಿದಳು. ಈ ನವಿಲು ಪಕ್ಕಕ್ಕೆ ಸರಿಯಿತು. ಆ ನವಿಲು ಬಂತು.

"ಅಯ್ಯೋ, ಇದು! ಅಮ್ಮಾ, ಇಲ್ಲಿ ನೋಡು. ತಿರುಗಿ ನೋಡ್ತಿದೆ ಅಮ್ಮಾ. ತವರುಮನೆ ಬಿಟ್ಟು ಹೋಗೋಳು ಬಾಗಿಲ ಕಡೆ ನೋಡೋ ಹಾಗೆ."

ತಾಯಿ ನೋಡಿದಳು. ಸೆರಗಿನಿಂದ ಕಣ್ಣು ಒತ್ತಿಕೊಂಡಳು. ಹಿರಿಸೊಸೆಗೂ ತನ್ನ ತವರಿನ ಬಾಗಿಲು ಕಂಡಿತು.

"ಇದೇ ಇರಲಿ ಅಕ್ಕಾ" ಎಂದಳು ಹೆಣ್ಣು. "ಎಲ್ಲರೂ ಸುಮ್ಮನೆ ಹೇಳಲ್ಲ. ನಿಮ್ಮ ಕೈಯೇ ಕೈ."

ಹಿರಿಸೊಸೆ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಹೆಸರು ಉಳಿಯುತ್ತಿತ್ತು. ಹೆಸರು ಹೆಚ್ಚುತ್ತಿತ್ತು. ಬಾಯಿ ಮುಚ್ಚಿಕೊಂಡಿರುವುದು ಸುಳ್ಳು ಹೇಳಿದಂತೆ ಅಲ್ಲವಲ್ಲ. ಕದ್ದವಳು ತಾನಾಗಿ ಬಂದು ನನ್ನದು ಎನ್ನುವ ಹಾಗೂ ಇಲ್ಲ.

ಅಡುಗೆಮನೆಯ ಬಾಗಿಲ ಹಿಂದೆ ಒಂದು ಸೀರೆಯ ಅಂಚು ಕಾಣುತ್ತಿತ್ತು. ಕಿರಿಸೊಸೆ ನೀರಿನ ಲೋಟ ಹಿಡಿದು ನಿಂತಿದ್ದಳು. ಅವಳು ಹೊರಗೆ ಬರಲಿಲ್ಲ.

ಹಿರಿಸೊಸೆ ಪರದೆಯ ಕಡೆ ನೋಡಿದಳು. ಸೀರೆಯ ಅಂಚಿನ ಕಡೆ ನೋಡಿದಳು. ಮತ್ತೆ ಪರದೆಯ ಕಡೆ ನೋಡಿದಳು. ಯಾಕೆ ಅಕ್ಕಾ, ಇದು ಬೇರೆಯವರಿಗೆ ಬರೆದದ್ದಾ ಎಂದು ಹೆಣ್ಣೇ ಗಾಬರಿಯಾಗಿ ಕೇಳಬೇಕಾಯಿತು.

"ಅಲ್ಲಮ್ಮಾ" ಎಂದಳು ಹಿರಿಸೊಸೆ. "ಇದು ನಾನು ಬರೆದದ್ದಲ್ಲ." ಆಮೇಲೆ ಒಳಗೆ ಕೂಗಿದಳು. "ಏ, ನೀರು ಅಲ್ಲಿಡು. ಇಲ್ಲಿ ಬಂದು ಕೂತುಕೋ." ಅವಳು ಬಂದು ಕೂತ ಮೇಲೆ ಹೇಳಿದಳು. "ಇವಳು ಬರೆದದ್ದು. ಇವಳ ಹೆಸರು ವಾರಿಜಾ."

"ಹೌದಾ! ಹಾಗಾದರೆ ಇನ್ನು ಮೇಲೆ ನಾವು ವಾರಿಜಮ್ಮನ ಮನೆ ಎಲ್ಲಿ ಅಂತಲೇ ಕೇಳಿಕೊಂಡು ಬರಬೇಕಾಯ್ತು ಬಿಡಿ" ಎಂದಳು ಹೆಣ್ಣಿನ ತಾಯಿ.

ಎಲ್ಲರೂ ನಕ್ಕರು. ಹಿರಿಸೊಸೆಯೂ ನಕ್ಕಳು. ಆ ನಗುವನ್ನು ಅವಳು ಎಲ್ಲಿಂದ ತಂದಳೋ ನನಗೆ ತಿಳಿಯದು.

ಅವ್ವ ಅಲ್ಲಿಗೆ ನಿಲ್ಲಿಸಿ ಮಡಿಲ ಸಿಪ್ಪೆ ಕೊಡವಿದರು.

"ಆಮೇಲೆ ಅವಳ ಹೊಟ್ಟೆಕಿಚ್ಚು ಹೋಯಿತೇ ಅವ್ವಾ?" ಎಂದು ಶಿಷ್ಯೆ ಕೇಳಿದಳು.

"ಎಲ್ಲಿ ಹೋಗುತ್ತದೆ? ಇನ್ನೂ ಜಾಸ್ತಿಯಾಯಿತು. ಆದರೆ ಅದು ಯಾವುದರ ಮೇಲೆ ಎಂದು ಈಗ ಅವಳಿಗೆ ಗೊತ್ತಿತ್ತು. ಬಂಗಾರದ್ದನ್ನು ಕೊಟ್ಟು, ಆ ಚಪಾತಿ ಮಣೆಯಂಥದ್ದನ್ನೇ ತಂದುಕೊಂಡಳು. ಇಬ್ಬರೂ ನಡುಮನೆಯಲ್ಲಿ ಎದುರು ಬದುರು ಕೂತು ಬರೆಯತೊಡಗಿದರು. ಒಬ್ಬಳು ಎದ್ದು ಹೋದರೆ ಇನ್ನೊಬ್ಬಳು ಅವಳ ಪರದೆಯನ್ನು ಇಣುಕಿ ನೋಡುತ್ತಿದ್ದಳು. ಚಿತ್ರಗಳು ಮಾತ್ರ ದಿನದಿಂದ ದಿನಕ್ಕೆ ಚೆನ್ನಾಗುತ್ತ ಹೋದವು."

ಶಿಷ್ಯೆಯ ಮುಖ ಹಗುರವಾಯಿತು.

"ನನಗೆ ಅರ್ಥವಾಯಿತು ಅವ್ವಾ. ಹೊಳೆಯುವಂಥದ್ದು ನಮಗೆ ಬೇಡ. ದೊಡ್ಡ ಪರದೆಯದು, ದಪ್ಪದ್ದು, ಕಪ್ಪು ಬಣ್ಣದ್ದೇ ಆರಿಸುತ್ತೇನೆ. ನಾಳೆಯೇ ಹೋಗಿ ತರುತ್ತೇನೆ."

ಅವ್ವ ಅವಳನ್ನು ನೋಡಿದರು.

"ತರುವೆಯಂತೆ ಮಗಳೇ. ಶಾಂಭವಿ ಬರೆದಿಟ್ಟದ್ದನ್ನು ಓದಿದ್ದೀಯಲ್ಲ, ಹೇಗಿತ್ತು?"

ಶಿಷ್ಯೆ ಸುಲಿದ ಕಾಯನ್ನೇ ಮತ್ತೆ ಸುಲಿಯತೊಡಗಿದಳು.